ಹದಿಮೂರನೆಯ ಪಟ್ಟಿ

ರಾಮದುರ್ಗದ ನೇಕಾರರ ಓಣಿಗೆ ಹೋಗಿ ರಿಪೇರಿ ನಿಜಗುಣಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ದಾರಿ ಹೇಳುವುದಿಲ್ಲ. "ಮಗ್ಗದ ಸಪ್ಪಳ ಇಲ್ಲದ ಮನಿ ಅದೊಂದ ಐತ್ರಿ, ಹಂಗ ಹೋಗ್ರಿ" ಎನ್ನುತ್ತಾರೆ. ಒಂದು ಕಾಲಕ್ಕೆ ಆ ಮನೆಯಲ್ಲೂ ಸಪ್ಪಳವಿತ್ತು. ಅದು ನಿಂತದ್ದು ಹೇಗೆ, ನಿಂತ ಮೇಲೂ ಮನೆಯಲ್ಲಿ ಹೇಗೆ ಉಳಿಯಿತು ಎಂಬುದಷ್ಟೇ ನಿಜಗುಣಪ್ಪನ ಬದುಕಿನಲ್ಲಿ ಹೇಳುವಂಥ ಸಂಗತಿ. ಮಿಕ್ಕ ರೇಡಿಯೊ, ಮಿಕ್ಸರ್, ಸುಟ್ಟ ಮೋಟರುಗಳ ಕತೆ ಎಲ್ಲ ರಿಪೇರಿಯವರದೂ ಒಂದೇ.

ಅವನು ಕಟಕೋಳದ ಒಕ್ಕಲುತನದ ಮನೆಯ ಮೂರನೆಯ ಮಗ. ಎತ್ತು ಕಟ್ಟಿ ಬಾ ಎಂದು ಕಳಿಸಿದರೆ ಎತ್ತಿನ ಕೊರಳ ಗಂಟೆ ಬಿಚ್ಚಿ ಅದು ಹೇಗೆ ಸದ್ದು ಮಾಡುತ್ತದೆಂದು ನೋಡುತ್ತ ಕೂರುವ ಹುಡುಗ. ಇವನಿಂದ ಹೊಲ ಆಗುವ ಮಾತಲ್ಲ ಎಂದು ಅಪ್ಪ ಬೈಲಹೊಂಗಲದ ಹೈಸ್ಕೂಲಿಗೆ ಹಾಕಿದ. ಅಲ್ಲಿ ವಿಜ್ಞಾನ ಕಲಿಸುವ ದಿಗಂಬರ ಮಾಸ್ತರರಿದ್ದರು. ಸಾಲಿ ಬಿಟ್ಟ ಮೇಲೆ ಮನೆಯ ಪಡಸಾಲೆಯಲ್ಲಿ ಓಣಿಯವರ ರೇಡಿಯೊ ಬಿಚ್ಚಿಕೊಂಡು ಕೂರುವುದು ಅವರ ಹುಚ್ಚು. ಅವರ ಹೆಂಡತಿ ಶಾಂತಾಬಾಯಿ ಕೊಡುವ ಅವಲಕ್ಕಿ ತಿನ್ನುತ್ತ ನಿಜಗುಣಪ್ಪ ಬೆಸುಗೆ ಹಾಕುವುದನ್ನು ಕಲಿತ. ಬೆಸುಗೆಗಿಂತ ಹೆಚ್ಚಾಗಿ ಅವನ ತಲೆಯಲ್ಲಿ ಕುಳಿತದ್ದು ಮಾಸ್ತರರ ಒಂದು ಮಾತು. "ಯಂತ್ರ ಸುಳ್ಳು ಹೇಳೂದಿಲ್ಲೊ. ಅದು ಏನರ ಮಾಡ್ಲಿಕ್ಕೆ ಹತ್ತೇದ ಅಂದ್ರ, ಮಾಡು ಅಂತ ಯಾರೋ ಅದಕ್ಕ ಹೇಳಿರ್ತಾರ. ಯಾರು ಹೇಳ್ಯಾರ, ಅದನ್ನ ಮೊದಲ ನೋಡು."

ಮಾತು ತಲೆಯಲ್ಲಿ ಕುಳಿತರೇನಂತೆ, ಬೇಕಾದ ಹೊತ್ತಿಗೆ ಎದ್ದು ಬರಬೇಕಲ್ಲ. ಅದು ಮುಂದಿನ ಮಾತು.

ಹೆಂಡತಿ ಗುರವ್ವನ ತವರು ತೊರಗಲ್. ಮದುವೆಯಾಗಿ ರಾಮದುರ್ಗಕ್ಕೆ ಬಂದಾಗ ಅವಳಿಗೆ ಮಗ್ಗದ ಗಂಧಗಾಳಿ ಇರಲಿಲ್ಲ. ಆದರೆ ಕೈಕಟ್ಟಿ ಕೂರುವ ಹೆಣ್ಣಲ್ಲ. ಪಕ್ಕದ ಮನೆಯ ಸುಂದರವ್ವನ ಮಗ್ಗದ ಮಗ್ಗುಲಲ್ಲಿ ಕುಳಿತು ನೋಡಿ ನೋಡಿ, ಎರಡು ವರ್ಷದೊಳಗೆ ತನ್ನ ಮನೆಯ ನಡುಮನೆಯಲ್ಲೇ ಒಂದು ಮಗ್ಗ ಹೂಡಿಸಿಕೊಂಡಳು. "ಒಕ್ಕಲಗಿತ್ತಿ ಕೈಯಾಗ ಲಾಳಿ ಕೊಟ್ರ ಕೂರಿಗಿ ಹೊಡದಂಗ ಹೊಡೀತಾಳ ನೋಡು" ಎಂದು ಸುಂದರವ್ವ ನಗುತ್ತಿದ್ದಳು. ನಕ್ಕವಳೇ ಎರಡು ವರ್ಷ ಬಿಟ್ಟು ತನ್ನ ಸೊಸೆಗೆ ಸೀರೆಯಂಚಿನ ದಡಿ ಹಾಕುವುದನ್ನು ಕಲಿಸು ಎಂದು ಗುರವ್ವನ ಹತ್ತಿರ ಕಳಿಸಿದಳು.

ಮುಂದಿನ ಕೋಣೆಯಲ್ಲಿ ಗಂಡನ ಅಂಗಡಿ, ಗೋಡೆಯಾಚೆ ಹೆಂಡತಿಯ ಮಗ್ಗ. ಒಂದು ದಿನ ನಿಜಗುಣಪ್ಪ ಮಗ್ಗದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೇಳಿದ, "ದಡಿ ಒಳಗ ಚಿಕ್ಕಿ ಚಿತ್ತಾರ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು, ಇದಕ್ಕ ಹೆಂಗ ಗೊತ್ತಾಗತೈತಿ?"

ಗುರವ್ವ ಮಗ್ಗದ ಮೇಲ್ಗಡೆ ಕೈ ತೋರಿಸಿದಳು. ಅಲ್ಲಿ ಸರಪಳಿಯ ಹಾಗೆ ಕಟ್ಟಿದ ಕಟ್ಟಿಗೆಯ ಪಟ್ಟಿಗಳಿದ್ದವು, ಪಟ್ಟಿಯ ತುಂಬ ಸಾಲಾಗಿ ತೂತು, ಕೆಲವು ತೂತಿನಲ್ಲಿ ಸಣ್ಣ ಗೂಟ. ಒಂದು ಸಲ ಲಾಳಿ ಹಾಯ್ದರೆ ಒಂದು ಪಟ್ಟಿ ಮುಂದಕ್ಕೆ ಬರುತ್ತದೆ. ಗೂಟವಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ.

"ಮಗ್ಗಕ್ಕ ಏನೂ ಗೊತ್ತಿಲ್ರಿ. ಗೊತ್ತಿರೂದು ಪಟ್ಟಿಗಿ. ಮಗ್ಗ ಅದನ್ನ ಓದತೈತಿ, ಅಷ್ಟ."

"ಮತ್ತ ಬ್ಯಾರೆ ದಡಿ ಬೇಕಾದ್ರ? ಮಗ್ಗ ಬಿಚ್ಚಬೇಕೇನು?"

"ನೀವು ಎಲ್ಲಾನೂ ಬಿಚ್ಚೂ ಮಂದಿ! ಮಗ್ಗ ಯಾಕ ಬಿಚ್ಚಬೇಕು? ಗೂಟ ಕಿತ್ತು ಬ್ಯಾರೆ ತೂತಿನ್ಯಾಗ ಇಟ್ರ ಆತು."

ನಿಜಗುಣಪ್ಪ ನಕ್ಕು ಎದ್ದು ಹೋದ. ಹೆಂಗಸರ ಕೆಲಸದಲ್ಲಿ ತಾನು ಕಲಿಯುವಂಥದ್ದು ಇರಬಹುದು ಎಂದು ಆಗ ಅವನಿಗೆ ಹೊಳೆದಿರಲಿಲ್ಲ.

ಆ ದಂಪತಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಓಣಿ ಆಡಿಕೊಂಡಷ್ಟು ಅವರಿಬ್ಬರು ಆಡಲಿಲ್ಲ. ಅವರಿಬ್ಬರ ನಡುವೆ ಬೇರೆಯೇ ಒಂದು ರೂಢಿ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ಗುರವ್ವ ಲಾಳಿ ಹಾಯಿಸದೆ ಎಳೆ ಒತ್ತುವ ಹಣಿಗೆಯನ್ನು ಬರಿದೇ ಎರಡು ಸಲ ಬಡಿಯುತ್ತಿದ್ದಳು. ಟಕ್, ಟಕ್. ಗೋಡೆಯಾಚೆ ನಿಜಗುಣಪ್ಪ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಊಟಕ್ಕೆ ಏಳುತ್ತಿದ್ದ. ಹೆಸರು ಹಿಡಿದು ಕರೆಯುವಂತಿಲ್ಲ, ರೊಟ್ಟಿ ಆರಿಸುವಂತಿಲ್ಲ. ಹಾಗಾಗಿ ಆ ಎರಡು ಏಟು. ಎಳೆ ಹಾಕದೆ ಬಡಿದರೆ ನೇಯ್ಗೆ ಅಲ್ಲಿ ಒತ್ತಾಗುತ್ತದೆ. ಸೀರೆ ಮಡಚುವಾಗ ಸುಂದರವ್ವ ಅದನ್ನು ಬೆರಳಿನಿಂದ ಸವರಿ ಛೇಡಿಸುತ್ತಿದ್ದಳು, "ನೋಡ್ರೆವ್ವ, ಗುರವ್ವನ ಸೀರಿ ಒಳಗ ದಿನಕ್ಕೊಂದು ಗಟ್ಟಿ ಗೆರಿ. ಇದು ನಿಜಗುಣಪ್ಪನ ಊಟದ ಗೆರಿ."

ತೊಂಬತ್ತೆಂಟರ ಶ್ರಾವಣದಲ್ಲಿ ಗುರವ್ವನಿಗೆ ಲಕ್ವಾ ಹೊಡೆಯಿತು. ವಯಸ್ಸು ಮೂವತ್ತಾರು. ಬೆಳಗಾವಿಯ ದವಾಖಾನೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಕಳಿಸಿದರು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಉಳಿದದ್ದು ಎಡಗೈ, ಎರಡು ಕಣ್ಣು ಮತ್ತು ಒಂದಿಷ್ಟೂ ಮುಕ್ಕಾಗದ ಬುದ್ಧಿ. ಅದೇ ದೊಡ್ಡ ಸಂಕಟ. ಎಲ್ಲ ತಿಳಿಯುತ್ತಿತ್ತು, ಒಂದೂ ಹೇಳಲಾಗುತ್ತಿರಲಿಲ್ಲ. ಬರೆದು ತೋರಿಸೋಣವೆಂದರೆ ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವಳು.

ಮಗ್ಗ ಬಿಚ್ಚಿದರು. ಅದೇ ನಡುಮನೆಯಲ್ಲಿ ಅವಳ ಮಂಚ ಹಾಕಿದರು. ಬೆಳಿಗ್ಗೆ ಸುಂದರವ್ವ ಬಂದು ಮೈ ತೊಳೆಸಿ, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಮಿಕ್ಕ ಹೊತ್ತು ನಿಜಗುಣಪ್ಪನೇ ಗಂಡ, ಅವನೇ ತಾಯಿ. ಆದರೆ ದೀಪ ಹಾಕಲು, ಫ್ಯಾನ್ ಆರಿಸಲು, ಒಂದು ರೇಡಿಯೊ ಕೇಳಲು ಇನ್ನೊಬ್ಬರ ಮುಖ ನೋಡುತ್ತ ಮಲಗುವುದು ಗುರವ್ವನಂಥವಳಿಗೆ ಸಾವಿಗಿಂತ ಕಡೆ. ಅವಳು ಗೋಡೆಯ ಕಡೆ ಹೊರಳಿದಳು. ಗಂಡ ಕರೆದರೂ ಈಚೆ ನೋಡಲಿಲ್ಲ. ತನ್ನ ಮನೆ ತನ್ನ ಕೈಯಲ್ಲಿ ಇಲ್ಲವೆಂದ ಮೇಲೆ ನೋಡುವುದಾದರೂ ಏನನ್ನು?

ನಿಜಗುಣಪ್ಪನಿಗೆ ಹೆದರಿಕೆಯಾಯಿತು. ಹೆದರಿದ ರಿಪೇರಿಯವನು ಏನು ಮಾಡಿಯಾನು? ಬೆಸುಗೆಯ ಕಡ್ಡಿ ಬಿಸಿಗಿಟ್ಟ.

ಎರಡು ತಿಂಗಳು ಕೂತು ಒಂದು ಪೆಟ್ಟಿಗೆ ಮಾಡಿದ. ಅವಳ ಎಡಗೈಯ ಕೆಳಗೆ ನಾಲ್ಕು ಬೆರಳಿಗೆ ನಾಲ್ಕು ಗುಂಡಿ. ಒತ್ತಿದರೆ ಕೋಣೆಯ ದೀಪ, ಫ್ಯಾನ್, ರೇಡಿಯೊ ನಡೆಯಬೇಕು, ಅಂಗಡಿಯಲ್ಲಿ ಗಂಟೆ ಬಾರಿಸಬೇಕು. ಅವಳು ರೇಡಿಯೊ ಕೇಳುವುದು ಮಧ್ಯಾಹ್ನ, ಮಧ್ಯಾಹ್ನವೆಂದರೆ ಸೆಕೆ, ಆದ್ದರಿಂದ ರೇಡಿಯೊ ಹತ್ತಿದರೆ ಫ್ಯಾನೂ ತಾನಾಗಿ ತಿರುಗಲಿ ಎಂದು ಎರಡನ್ನೂ ಕೂಡಿಸಿ ಬೆಸುಗೆ ಹಾಕಿದ. ಇಂಥ ಜಾಣತನಗಳು ಪೆಟ್ಟಿಗೆಯ ತುಂಬ ಇದ್ದವು. ಮೊದಲ ದಿನ ಗುರವ್ವ ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಅಂದು ಅವಳು ಗೋಡೆಯಿಂದ ಈಚೆ ಹೊರಳಿದಳು. ಅವನು ಅಂಗಡಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟ.

ಅಷ್ಟರಲ್ಲಿ ಚಳಿಗಾಲ ಬಂತು. ಜನವರಿಯಲ್ಲಿ ಒಂದು ದಿನ ಅವನು ಹಿಟ್ಟಿನ ಗಿರಣಿಯ ಮೋಟರು ನೋಡಲು ಸವದತ್ತಿಗೆ ಹೋಗಿದ್ದ. ಸಂಜೆ ಬಂದಾಗ, ಆಗಷ್ಟೇ ಒಳಗೆ ಬಂದ ಸುಂದರವ್ವ ಮಂಚದ ಹತ್ತಿರ ಗುರವ್ವನ ಕೈ ತಿಕ್ಕುತ್ತ ಕುಳಿತಿದ್ದಳು. ಹೊದಿಕೆ ಜಾರಿ ಬಿದ್ದಿದೆ, ರೇಡಿಯೊ ಹಾಡುತ್ತಿದೆ, ತಲೆಯ ಮೇಲೆ ಫ್ಯಾನ್ ಗರಗರ ತಿರುಗುತ್ತಿದೆ, ಗುರವ್ವ ತಣ್ಣಗಾಗಿ ನಡುಗುತ್ತಿದ್ದಾಳೆ. ಫ್ಯಾನ್ ನಿಲ್ಲಿಸಿದರೆ ರೇಡಿಯೊ ನಿಲ್ಲುತ್ತದೆ. ಹಾಡು ಬೇಕಿದ್ದರೆ ಚಳಿ ತಡೆಯಬೇಕು. ಅವಳು ಹಾಡನ್ನೇ ಆರಿಸಿಕೊಂಡಿದ್ದಳು.

"ಸೆಕಿ ನೋಡಿ ಕಟ್ಟಿದ ಪೆಟಗಿ ತಮ್ಮಾ, ಅದಕ್ಕ ಚಳಿ ಹೆಂಗ ತಿಳೀಬೇಕು?" ಎಂದಳು ಸುಂದರವ್ವ.

ಅವನು ಪೆಟ್ಟಿಗೆ ಬಿಚ್ಚಿ ಕುಳಿತ. ಒಂದು ತಂತಿ ಬಿಡಿಸಿದರೆ ಮೂರು ಕೆಡುತ್ತಿದ್ದವು. ನಾಲ್ಕು ದಿನ ಅದೇ ಆಯಿತು. ಪೆಟ್ಟಿಗೆ ಇಲ್ಲದ ಗುರವ್ವ ಮತ್ತೆ ಗೋಡೆ ನೋಡತೊಡಗಿದ್ದಳು. ಐದನೆಯ ದಿನ ಮಾತ್ರ ಎಡಗೈಯಿಂದ ಮಂಚದ ಪಟ್ಟಿ ಬಡಿದು ಅವನನ್ನು ಕರೆದಳು, ಅಟ್ಟದ ಕಡೆ ಬೆರಳು ತೋರಿಸಿದಳು. ಅಟ್ಟದ ಮೇಲೆ ಅವಳ ಮಗ್ಗದ ಕಟ್ಟಿಗೆ ಪಟ್ಟಿಗಳ ಕಟ್ಟು ಇತ್ತು. ಅವನು ಇಳಿಸಿ ತಂದು ಅವಳ ಎದೆಯ ಮೇಲಿಟ್ಟ. ಪಾಪ, ಮಗ್ಗದ ನೆನಪಾಗಿರಬೇಕು ಎಂದು ಅವನ ಕಣ್ಣು ತುಂಬಿತು. ಗುರವ್ವನಿಗೆ ಈ ಕಣ್ಣೀರು ಬೇಕಿರಲಿಲ್ಲ. ಸಿಟ್ಟಿನಿಂದ ತಲೆ ಕೊಡವಿದಳು. ಒಂದು ಪಟ್ಟಿಯಿಂದ ಗೂಟ ಕಿತ್ತಳು, ಕಷ್ಟಪಟ್ಟು ಬೇರೆ ತೂತಿಗೆ ಇಟ್ಟಳು, ಅವನು ಬಿಚ್ಚಿದ ಪೆಟ್ಟಿಗೆಯ ಕಡೆ ಕೈ ಮಾಡಿದಳು. ಮತ್ತೆ ಕಿತ್ತಳು, ಮತ್ತೆ ಇಟ್ಟಳು, ಮತ್ತೆ ಕೈ ಮಾಡಿದಳು.

ಅಂದು ಅವಳು ಹೇಳಿದ್ದು ನಿಜಗುಣಪ್ಪನಿಗೆ ಈಗ ಹೊಳೆಯಿತು. ಮಗ್ಗಕ್ಕೆ ಏನೂ ಗೊತ್ತಿಲ್ಲ, ಗೊತ್ತಿರುವುದು ಪಟ್ಟಿಗೆ.

"ಅಯ್ಯ ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ! ನಾ ಪಟ್ಟಿ ಬಿಟ್ಟು ದಡಿ ಒಯ್ದು ಮಗ್ಗದಾಗ ಬೆಸದೇನಲ್ಲ ಗುರವ್ವ!"

ಹುಬ್ಬಳ್ಳಿಗೆ ಹೋಗಿ ಒಂದು ಐಸಿ ಚಿಪ್ ತಂದ. ಗುಂಡಿಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರು ಮೂರಾಗಿ, ಕೊನೆಗೆ ನಾಲ್ಕನ್ನೂ ಕೂಡಿ ಒತ್ತಿದರೆ ಒಟ್ಟು ಹದಿನೈದು ಬಗೆ. ಹದಿನೈದು ಪಟ್ಟಿ ಮಾಡಿದ, ಪಟ್ಟಿಗೆ ಎಂಟು ತೂತು. ಅವಳ ಮಗ್ಗದ ಗೂಟಗಳಿಗೇ ಹಿತ್ತಾಳೆಯ ತುದಿ ಕೂಡಿಸಿದ. ಐಸಿಯ ಕೆಲಸ ಇಷ್ಟೇ: ಯಾವ ಬೆರಳು ಒತ್ತಿವೆ ನೋಡುವುದು, ಅದು ಎಷ್ಟನೆಯ ಪಟ್ಟಿ ಎಂದು ಹುಡುಕುವುದು, ಗೂಟವಿದ್ದ ತೂತಿನ ಸಾಮಾನಿಗೆ ಕರೆಂಟು ಬಿಡುವುದು. ಫ್ಯಾನ್ ಎಂದರೇನು, ಚಳಿ ಎಂದರೇನು ಅದಕ್ಕೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಆರು ತೂತು ದೀಪ, ಫ್ಯಾನ್, ರೇಡಿಯೊ, ಟೀವಿಯಂಥವಕ್ಕೆ. ಕೊನೆಯ ಎರಡು, ಗುಂಡಿ ಒತ್ತಿದಷ್ಟು ಹೊತ್ತು ಮಾತ್ರ ನಡೆಯುವಂಥವು. ಏಳನೆಯದು ಅಂಗಡಿಯ ಗಂಟೆ. ಎಂಟನೆಯದಕ್ಕೆ ಏನೂ ಇರಲಿಲ್ಲ. ಮಾಡುವಾಗ ಪರೀಕ್ಷೆಗೆಂದು, ಗುರವ್ವ ನೋಡುತ್ತಿದ್ದಂತೆಯೇ, ತನ್ನ ಅಂಗಡಿಯ ಮೇಜಿನ ದೀಪವನ್ನು ಒತ್ತಿದರೆ ಆರುವಂತೆ ಅದಕ್ಕೆ ಜೋಡಿಸಿದ್ದ. ಬಿಡಿಸಬೇಕು ಎಂದುಕೊಂಡು ಮರೆತ.

ಪಟ್ಟಿಗಳ ಚೌಕಟ್ಟನ್ನು ಅವಳ ಎಡಗೈಗೆ ಸಿಗುವಂತೆ ಗೋಡೆಗೆ ಹೊಡೆದ. ಹನ್ನೆರಡು ಪಟ್ಟಿಗೆ ಏನೇನು ಬೇಕೆಂದು ಇಬ್ಬರೂ ಕೂತು ಗೂಟ ಇಟ್ಟರು. ಮೂರು ಪಟ್ಟಿ ಖಾಲಿ ಉಳಿದವು. ಚಳಿಗೆ ಫ್ಯಾನಿನ ಗೂಟ ಅವಳೇ ಕೀಳುತ್ತಿದ್ದಳು, ಹೋಳಿ ಹುಣ್ಣಿಮೆ ಕಳೆದ ಮೇಲೆ ಅವಳೇ ಇಡುತ್ತಿದ್ದಳು. ಮನೆ ಮತ್ತೆ ಗುರವ್ವನ ಕೈಗೆ ಬಂತು ಎಂದು ನಿಜಗುಣಪ್ಪ ಸಮಾಧಾನಪಟ್ಟ.

ಪೂರ್ತಿ ಬಂದಿರಲಿಲ್ಲ. ಹೆಂಡತಿಗೆ ಹನ್ನೆರಡಕ್ಕೆ ಗಂಜಿ ಕುಡಿಸಿ ಅಂಗಡಿಗೆ ಹೋದವನು ತಾನು ಉಣ್ಣುವುದನ್ನು ಮರೆಯುತ್ತಿದ್ದ. ಕರೆಯುವವರಿಲ್ಲದ ಊಟ ಅದು. ನಾಲ್ಕಕ್ಕೋ ಐದಕ್ಕೋ ಒಣಗಿದ ರೊಟ್ಟಿ ಮುರಿದುಕೊಂಡು ನಿಂತೇ ತಿನ್ನುತ್ತಿದ್ದ, ಕೆಲವು ದಿನ ಅದೂ ಇಲ್ಲ. ಅಂಗಿ ಹೆಗಲಿನಿಂದ ಜೋಲತೊಡಗಿತ್ತು. ಇದನ್ನು ಕಂಡವಳು ಮಂಚದ ಮೇಲಿದ್ದವಳು ಒಬ್ಬಳೇ.

ಅವಳು ಗಂಟೆ ಬಾರಿಸಿದಳು. ಅವನು ಓಡಿ ಬಂದ. "ನೀರ ಬೇಕೇನು? ಮಗ್ಗಲಾ ಬದಲಿಸಲೇನು? ಕಾಲು ನೋವಾಗಾಕತ್ತೈತೇನು?" ಅವಳು ಎಲ್ಲಕ್ಕೂ ತಲೆಯಲ್ಲಾಡಿಸಿ ಕೈಯನ್ನು ಬಾಯಿಗೆ ಒಯ್ದು ತೋರಿಸಿದಳು. ಅವನು ಗಂಜಿ ತಂದ. ಅಲ್ಲವೆಂದು ಅವನ ಕಡೆ ಕೈ ಮಾಡಿದಳು. ಓಹೋ, ನಾನೇ ಉಣಿಸಬೇಕು ಎಂದುಕೊಂಡು ಅವನು ಚಮಚ ಹಿಡಿದ. ಅವಳು ಕಣ್ಣು ಮುಚ್ಚಿದಳು. ಅವನ ತಲೆಯಲ್ಲೂ ಒಂದು ಪಟ್ಟಿ ಇತ್ತು, ಅದರಲ್ಲಿ ಗುರವ್ವನಿಗೆ ಬೇಕಾದದ್ದೆಲ್ಲ ಇತ್ತು, ಅವನ ಊಟ ಒಂದು ಇರಲಿಲ್ಲ. ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನದಿಂದ ಗಂಟೆ ಬಾರಿಸಲಿಲ್ಲ.

ಎರಡು ಸಾವಿರದ ಏಪ್ರಿಲ್‌ನಲ್ಲಿ ನಿಜಗುಣಪ್ಪನ ಮೇಜಿನ ದೀಪ ಕೆಟ್ಟಿತು. ಮಧ್ಯಾಹ್ನ ಒಮ್ಮೆಲೇ ಎರಡು ಸಲ ಆರಿ ಹತ್ತಿತು. ಕರೆಂಟಿನ ಆಟ ಎಂದುಕೊಂಡ. ಮರುದಿನ ಮತ್ತೆ. ಬಲ್ಬು ಬದಲಿಸಿದ. ಮತ್ತೆ. ಹೋಲ್ಡರ್ ಬದಲಿಸಿದ, ಸ್ವಿಚ್ ಬದಲಿಸಿದ. ಗಿರಾಕಿಗಳಿಗೆ ನಗೆ. "ಊರ ದೀಪೆಲ್ಲಾ ರಿಪೇರಿ ಮಾಡತೀರಿ, ನಿಮ್ಮ ದೀಪದ ಬುಡಕ್ಕ ಕತ್ತಲಿ ಆತಲ್ರಿ." ಅವನಿಗೆ ಮೈ ಉರಿಯಿತು. ತಂತಿ ಹಿಡಿದುಕೊಂಡು ಹೋದ, ಹೋದ, ಗೋಡೆ ದಾಟಿ ಗುರವ್ವನ ಪೆಟ್ಟಿಗೆಗೇ ಬಂದು ನಿಂತ. ನೋಡಿದರೆ ಖಾಲಿ ಇರಬೇಕಾದ ಹದಿಮೂರನೆಯ ಪಟ್ಟಿಯ ಎಂಟನೆಯ ತೂತಿನಲ್ಲಿ ಒಂದು ಗೂಟ.

ಕೈ ತಪ್ಪಿ ಇಟ್ಟಿದ್ದಾಳೆ ಎಂದು ಕಿತ್ತು ಡಬ್ಬಿಗೆ ಹಾಕಿದ. ಮರುದಿನ ದೀಪ ಮತ್ತೆ ಎರಡು ಸಲ ಆರಿತು. ಬಂದು ನೋಡಿದರೆ ಗೂಟ ಅಲ್ಲೇ. ಕಿತ್ತ. ಅದರ ಮರುದಿನ ಒಂದು ಸಣ್ಣ ರೇಡಿಯೊದ ಕೂದಲೆಳೆಯಂಥ ತಂತಿಗೆ ಉಸಿರು ಬಿಗಿಹಿಡಿದು ಬೆಸುಗೆ ಹಾಕುತ್ತಿದ್ದ. ದೀಪ ಆರಿತು, ಕೈ ಜಾರಿತು, ತಂತಿ ಸುಟ್ಟಿತು. ಕಡ್ಡಿ ಎಸೆದು ಒಳಗೆ ಬಂದ.

"ಏನ್ ಆಟ ಹಚ್ಚೀದಿ ಗುರವ್ವ? ನನಗ ಕೆಲಸ ಮಾಡಾಕ ಬಿಡತೀಯೊ ಇಲ್ಲೊ? ಏನ್ ಬೇಕು ನಿನಗ?"

ಲಕ್ವಾ ಹೊಡೆದ ಮೇಲೆ ಅವನು ಅವಳ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಗುರವ್ವ ಹೆದರಲಿಲ್ಲ, ಅಳಲಿಲ್ಲ. ಅವನ ಮುಖವನ್ನೇ ನೋಡುತ್ತ ಮೂರು ಬೆರಳು ಕೂಡಿಸಿ ಗುಂಡಿ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು, ಬಿಟ್ಟಳು. ಪೆಟ್ಟಿಗೆಯೊಳಗೆ ಕರೆಂಟು ತಿರುಗಿಸುವ ರಿಲೇ ಬಡಿದುಕೊಂಡಿತು. ಟಕ್, ಟಕ್.

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ.

ನಿಜಗುಣಪ್ಪ ಮಂಚದ ಕಾಲು ಹಿಡಿದು ಅಲ್ಲೇ ನೆಲಕ್ಕೆ ಕುಳಿತ. ಮಾತು ಹೋದ ಹೆಂಡತಿ ಎರಡು ವಾರದಿಂದ ತನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ, ತಾನು ಆ ಕರೆಯನ್ನೇ ಕಿತ್ತು ಡಬ್ಬಿಗೆ ಹಾಕಿದ್ದೇನೆ. ಬೈಲಹೊಂಗಲದ ಪಡಸಾಲೆಯ ಮಾತು ಈಗ ಎದ್ದು ಬಂತು. ಯಾರು ಹೇಳಿದ್ದಾರೆ, ಅದನ್ನು ಮೊದಲು ನೋಡು. ಅವನು ಬಲ್ಬು ನೋಡಿದ, ಹೋಲ್ಡರ್ ನೋಡಿದ, ಸ್ವಿಚ್ ನೋಡಿದ. ಹೇಳಿದವಳನ್ನು ನೋಡಿರಲಿಲ್ಲ.

ಎದ್ದು ಅಡುಗೆಮನೆಗೆ ಹೋದ. ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಉಳ್ಳಾಗಡ್ಡಿ ಗಂಗಾಳಕ್ಕೆ ಹಾಕಿಕೊಂಡು ಬಂದು ಅವಳ ಮಂಚದ ಪಕ್ಕದಲ್ಲಿ ಕುಳಿತು ಉಂಡ. ಅಳುತ್ತಲೇ ಉಂಡ. ಗುರವ್ವ ಒಂದೊಂದು ತುತ್ತನ್ನೂ ನೋಡಿದಳು. ಎರಡನೆಯ ರೊಟ್ಟಿ ಮುಗಿಸಿ ಕೈತೊಳೆಯಲು ಎದ್ದವನಿಗೆ ಎಡಗೈಯ ಬೆರಳು ಎತ್ತಿ ತೋರಿಸಿದಳು: ಇನ್ನೊಂದು. ಅವನು ಸುಮ್ಮನೆ ಕುಳಿತು ಇನ್ನೊಂದು ತಿಂದ. ಮನೆ ಪೂರ್ತಿಯಾಗಿ ಅವಳ ಕೈಗೆ ಬಂದದ್ದು ಆ ದಿನ.

ಆ ಪೆಟ್ಟಿಗೆಯ ಸುದ್ದಿ ಹೇಗೋ ಹಬ್ಬಿತು. ಹಾಸಿಗೆ ಹಿಡಿದವರಿರುವ ಮನೆಗಳಿಂದ ಕಿತ್ತೂರು, ಸಿರಸಂಗಿ ಎಂದು ಕರೆ ಬರತೊಡಗಿದವು. ಐದಾರು ವರ್ಷದಲ್ಲಿ ಹತ್ತೊಂಬತ್ತು ಮನೆಗೆ ಮಾಡಿಕೊಟ್ಟ. ಎಲ್ಲದರಲ್ಲೂ ಹದಿಮೂರನೆಯ ಪಟ್ಟಿ ಖಾಲಿ ಬಿಡುತ್ತಿದ್ದ, ಎಂಟನೆಯ ತೂತಿನ ತಂತಿಯನ್ನು ಮನೆಯಲ್ಲಿ ಓಡಾಡುವವರ ತಲೆಯ ಮೇಲಿನ ದೀಪಕ್ಕೆ ಒಯ್ಯುತ್ತಿದ್ದ. ಮಲಗಿದವರಿಗೆ ಮಾತ್ರ ಅದನ್ನು ತೋರಿಸಿಕೊಟ್ಟು ಬರುತ್ತಿದ್ದ.

ಎರಡು ಸಾವಿರದ ಆರರಲ್ಲಿ ದಿಗಂಬರ ಮಾಸ್ತರರೇ ಹೇಳಿ ಕಳಿಸಿದರು. ಶಾಂತಾಬಾಯಿಗೂ ಲಕ್ವಾ, ಅವರಿಗೂ ಮಾತು ನಿಂತಿತ್ತು. ನಿಜಗುಣಪ್ಪ ಬೈಲಹೊಂಗಲಕ್ಕೆ ಹೋಗಿ ಎರಡು ದಿನ ಇದ್ದು ಪೆಟ್ಟಿಗೆ ಕೂಡಿಸಿದ. ಮಾಸ್ತರರು ಕನ್ನಡಕ ಏರಿಸಿ ಪಟ್ಟಿ ನೋಡಿದರು, ಗೂಟ ನೋಡಿದರು, ಬೆನ್ನು ತಟ್ಟಿದರು. ಕೊನೆಗೆ ತಮ್ಮ ಕುರ್ಚಿಯ ಮೇಲಿನ ದೀಪಕ್ಕೆ ಯಾಕೆ ತಂತಿ ಎಳೆದೆ ಎಂದು ಕೇಳಿದರು.

"ಇರ್ಲಿರಿ ಸರ್. ಶಾಂತಾಬಾಯಾರಿಗಿ ಬೇಕಾಗತೈತಿ."

ಹತ್ತು ದಿನ ಕಳೆದ ಮೇಲೆ ಅಂಗಡಿಯ ಫೋನು ಗಣಗಣಿಸಿತು. ಮಾಸ್ತರರು.

"ನಿಜಗುಣಿ, ಆ ದೀಪದಾಗ ಏನೋ ದೋಷ ಅದ ನೋಡಪಾ. ಮುಂಜಾನೆ ಎಂಟಕ್ಕ, ರಾತ್ರಿ ಎಂಟಕ್ಕ ಮಿಣಮಿಣ ಮಾಡ್ಲಿಕ್ಕೆ ಹತ್ತೇದ. ಹೋಲ್ಡರ್ ಬದಲಿ ಮಾಡಿಸ್ದೆ, ಏನೂ ಉಪಯೋಗ ಆಗ್ಲಿಲ್ಲ."

"ಸರ್, ನಿಮಗ ಬೀಪಿ ಗುಳಿಗಿ ಎಷ್ಟೊತ್ತಿಗಿ ಐತ್ರಿ?"

"ಎಂಟಕ್ಕ, ಎರಡೂ ಹೊತ್ತು. ಇಕಿ ಮಲಗಿದಾಗಿಂದ ಅದನ್ನ ಯಾರು ನೆನಪ..."

ಅಲ್ಲಿಗೆ ಮಾತು ನಿಂತಿತು. ಆ ಕಡೆಯಿಂದ ಕುರ್ಚಿ ಸರಿಸಿದ ಸಪ್ಪಳ, ಮುದುಕರೊಬ್ಬರು ಒಳಕೋಣೆಯ ಕಡೆ ನಡೆದು ಹೋಗುವ ಹೆಜ್ಜೆ, ದೂರದಿಂದ "ಶಾಂತಾ" ಎಂದು ಕರೆದ ದನಿ. ಫೋನು ಇಡುವುದನ್ನೂ ಅವರು ಮರೆತಿದ್ದರು.

ನಿಜಗುಣಪ್ಪ ಹಾಗೇ ಹಿಡಿದುಕೊಂಡು ನಿಂತಿದ್ದ. ಅವನ ಮೇಜಿನ ಮೇಲಿನ ದೀಪ ಎರಡು ಸಲ ಆರಿ ಹತ್ತಿತು. ಅವನು ಫೋನು ಕೆಳಗಿಟ್ಟು ಊಟಕ್ಕೆ ಒಳಗೆ ಹೋದ.